ಹಳೇ ನ್ಯಾಸ್ ಪೆಟ್ಟಿಗೆ ಬಿಸಿಯಾಗುತ್ತಿದೆಯೇ? ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಮದುವೆ ವಿಡಿಯೋ, ಮಕ್ಕಳ ಫೋಟೋ, ಜಮೀನಿನ ಪತ್ರಗಳ ಸ್ಕ್ಯಾನ್ ಎಲ್ಲವೂ ಒಂದೇ ಕಡೆ ಇರಲಿ ಎಂದು ಕೊಂಡ ನ್ಯಾಸ್ ಪೆಟ್ಟಿಗೆ (ಮನೆಯ ನೆಟ್‌ವರ್ಕ್‌ಗೆ ಸೇರಿ ಎಲ್ಲರಿಗೂ ಫೈಲ್ ಹಂಚುವ ಡಿಸ್ಕ್ ಪೆಟ್ಟಿಗೆ) ಐದಾರು ವರ್ಷ ತಕರಾರಿಲ್ಲದೆ ಓಡುತ್ತದೆ. ಆಮೇಲೆ ಯಾವುದೋ ಏಪ್ರಿಲ್‌ನಲ್ಲಿ ಬೀಪ್ ಶುರುವಾಗುತ್ತದೆ. ಫೋನಿಗೆ ‘ಡಿಸ್ಕ್ ತಾಪಮಾನ ಹೆಚ್ಚಾಗಿದೆ’ ಎಂಬ ಸಂದೇಶ ಬರುತ್ತದೆ. ಕೆಲವರು ಬೀಪ್ ಆಫ್ ಮಾಡಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ಅದೇ ದಿನ ಹೊಸ ಡಿಸ್ಕ್ ಆರ್ಡರ್ ಮಾಡುತ್ತಾರೆ. ಎರಡೂ ಅವಸರದ ಕೆಲಸ. ಬಿಸಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಹಾಕಿದ ಹೊಸ ಡಿಸ್ಕೂ ಅದೇ ಬಿಸಿಯಲ್ಲೇ ಬೇಯುತ್ತದೆ, ಅಲ್ವಾ?

ಸಿನಾಲಜಿ, ಕ್ಯೂನ್ಯಾಪ್ ಥರದ ಕಂಪನಿಗಳ ಎರಡು ಅಥವಾ ನಾಲ್ಕು ಡಿಸ್ಕಿನ ಮನೆ ಪೆಟ್ಟಿಗೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಸ್ಕ್ರೂಡ್ರೈವರ್ ಆಮೇಲೆ.

## ಶುರು ಮಾಡುವ ಮುಂಚೆ: ಒಂದು ನಕಲು, ಎರಡು ಅಂಕಿ

ಮೊದಲು ನಕಲು. ರೇಡ್, ಅಂದರೆ ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವಂಥ ಡಿಸ್ಕ್ ಜೋಡಣೆ, ಇದೆ ಅಂದಮಾತ್ರಕ್ಕೆ ಬ್ಯಾಕಪ್ ಇದೆ ಎಂದಲ್ಲ. ಎರಡು ಡಿಸ್ಕಿನಲ್ಲೂ ಒಂದೇ ಮಾಹಿತಿ ಇರಬಹುದು, ಆದರೆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೇ ಬಿಸಿಯಾಗುತ್ತಿವೆ. ಮತ್ತೆ ಸಿಗದಂಥ ಫೈಲುಗಳನ್ನು ಮಾತ್ರ ಆರಿಸಿ ಒಂದು ಯುಎಸ್‌ಬಿ ಡಿಸ್ಕಿಗೆ ಹಾಕಿಕೊಳ್ಳಿ. ಸಿನಿಮಾಗಳು ಕಾಯಲಿ. ಕಾಪಿ ಮಾಡುವಾಗ ಡಿಸ್ಕ್ ಇನ್ನೂ ಬಿಸಿಯಾಗುತ್ತದೆ. ಅದಕ್ಕೇ ರಾತ್ರಿ ಹೊತ್ತು, ಪಕ್ಕದಲ್ಲಿ ಟೇಬಲ್ ಫ್ಯಾನ್ ಹಚ್ಚಿಟ್ಟು ಮಾಡಿ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಕಾಪಿಯನ್ನೂ ಮಾಡಬೇಡಿ. ಕೆಳಗೆ ‘ಇಲ್ಲಿಗೆ ಕೈ ತೆಗೆಯಿರಿ’ ಎಂಬ ಭಾಗಕ್ಕೆ ನೇರ ಹೋಗಿ.

ಇನ್ನು ಅಂಕಿಗಳು. ಒಂದು, ಡಿಸ್ಕಿನ ತಾಪಮಾನ. ಇದು ಪೆಟ್ಟಿಗೆಯ ಸ್ಟೋರೇಜ್ ಪುಟದಲ್ಲಿ ಸಿಗುತ್ತದೆ. ಸ್ಮಾರ್ಟ್ ಪಟ್ಟಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆರೆದರೆ 194 ಎಂಬ ಸಂಖ್ಯೆಯ ಸಾಲಿನಲ್ಲಿರುತ್ತದೆ. ಅಲ್ಲಿ ‘ರಾ ವ್ಯಾಲ್ಯೂ’ ಕಾಲಂ ಓದಿ. ಪಕ್ಕದ ಅಂಕಿಯನ್ನು ಕೆಲವು ಕಂಪನಿಗಳು ತಿರುಗುಮುರುಗು ಲೆಕ್ಕದಲ್ಲಿ ತೋರಿಸುತ್ತವೆ. ಎರಡು, ಪೆಟ್ಟಿಗೆ ಗಾಳಿ ಎಳೆಯುವ ಬದಿಯಲ್ಲಿ, ಅಂದರೆ ಸಾಮಾನ್ಯವಾಗಿ ಮುಂಭಾಗದಲ್ಲಿ, ಕೋಣೆಯ ತಾಪಮಾನ. ಅಗ್ಗದ ಡಿಜಿಟಲ್ ಥರ್ಮಾಮೀಟರ್ ಸಾಕು. ಹವಾಮಾನ ಆ್ಯಪ್ ಹೇಳುವುದು ಊರಿನ ಬಿಸಿಲನ್ನು, ನಿಮ್ಮ ಟಿವಿ ಕಪಾಟಿನ ಒಳಗಿನದನ್ನಲ್ಲ.

ಈ ಎರಡರ ನಡುವಿನ ಅಂತರವೇ ಅರ್ಧ ಕೆಲಸ ಮುಗಿಸುತ್ತದೆ. ಸರಿಯಿರುವ ಪೆಟ್ಟಿಗೆಯಲ್ಲಿ ಡಿಸ್ಕ್ ಕೋಣೆಗಿಂತ 10ರಿಂದ 15 ಡಿಗ್ರಿ ಜಾಸ್ತಿ ಇರುವುದು ಸಹಜ. ಕೋಣೆ 28, ಡಿಸ್ಕ್ 41 ಎಂದರೆ ಪೆಟ್ಟಿಗೆ ಆರೋಗ್ಯವಾಗಿದೆ. ಕೋಣೆ 28, ಡಿಸ್ಕ್ 52 ಎಂದರೆ ಗಾಳಿ ಓಡಾಡುತ್ತಿಲ್ಲ, ದೋಷ ಪೆಟ್ಟಿಗೆಯದು. ಕೋಣೆ 39, ಡಿಸ್ಕ್ 52 ಎಂದರೆ ಪೆಟ್ಟಿಗೆ ತನ್ನ ಕೆಲಸ ಮಾಡುತ್ತಿದೆ, ದೋಷ ಜಾಗದ್ದು. ನೋಡಿ, ಡಿಸ್ಕಿನ ಅಂಕಿ ಎರಡು ಕಡೆಯೂ 52. ಆದರೆ ಮದ್ದು ಬೇರೆ ಬೇರೆ.

ಎಷ್ಟು ಬಿಸಿ ಜಾಸ್ತಿ ಎಂದು ಕೇಳಿದರೆ, ಹೆಚ್ಚಿನ ಹಾರ್ಡ್ ಡಿಸ್ಕ್ ತಯಾರಕರು 60 ಅಥವಾ 65 ಡಿಗ್ರಿಯವರೆಗೆ ನಡೆಯುತ್ತದೆ ಎಂದು ಬರೆದಿರುತ್ತಾರೆ. ಅದು ಹೊಸ ಡಿಸ್ಕಿನ ಮಾತು. 2007ರಲ್ಲಿ ಗೂಗಲ್ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದರು. ಬಿಸಿಗೂ ಕೆಡುವುದಕ್ಕೂ ಎಲ್ಲರೂ ಅಂದುಕೊಂಡಷ್ಟು ನಂಟು ಅದರಲ್ಲಿ ಕಾಣಲಿಲ್ಲ. ತಣ್ಣಗಿದ್ದ ಡಿಸ್ಕ್‌ಗಳೂ ಕೆಟ್ಟಿದ್ದವು. ಆದರೆ ಮೂರು ವರ್ಷ ದಾಟಿದವುಗಳಲ್ಲಿ ಮಾತ್ರ ಬಿಸಿ ಜಾಸ್ತಿಯಾದಂತೆ ಕೆಡುವುದೂ ಜಾಸ್ತಿಯಾಗಿತ್ತು. ನಮ್ಮ ಮಾತು ಹಳೇ ಪೆಟ್ಟಿಗೆಯದೇ ಆದ್ದರಿಂದ ನಾನು ಬಿಗಿಯಾದ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ. 45ರ ಒಳಗಿದ್ದರೆ ಚಿಂತೆಯಿಲ್ಲ. 50 ದಾಟಿದರೆ ಆ ವಾರವೇ ಕಾರಣ ಹುಡುಕಬೇಕು. 55 ದಾಟಿದರೆ ನಕಲು ಮುಗಿಸಿ, ಶಟ್‌ಡೌನ್ ಮಾಡಿ, ಆಮೇಲೆ ಯೋಚನೆ.

## ಮಧ್ಯಾಹ್ನ ಮಾತ್ರ ಬೀಪ್, ರಾತ್ರಿ ಎಲ್ಲ ಸರಿ

ಇದು ಜಾಗದ ದೋಷ. ಮನೆ ನ್ಯಾಸ್‌ಗಳ ವಿವರ ಪುಟದಲ್ಲಿ ಸುತ್ತಲಿನ ಗಾಳಿ 40 ಡಿಗ್ರಿಯೊಳಗೆ ಇರಬೇಕು ಎಂದೇ ಸಾಮಾನ್ಯವಾಗಿ ಬರೆದಿರುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೆ 40 ದಾಟುವುದು ಮಾಮೂಲಿ. ಆರ್‌ಸಿಸಿ ಚಾವಣಿಯ ಕೆಳಗಿನ ಮೇಲ್ಮಹಡಿ ಕೋಣೆ ಸಂಜೆವರೆಗೂ ಕಾದೇ ಇರುತ್ತದೆ. ಬೆಂಗಳೂರಿನಲ್ಲಿ ಅಷ್ಟು ಬಿಸಿಲಿಲ್ಲ, ಸರಿ. ಆದರೆ ಬಾಗಿಲು ಮುಚ್ಚಿದ ಟಿವಿ ಯೂನಿಟ್‌ನಲ್ಲಿ ಸೆಟ್‌ಟಾಪ್ ಬಾಕ್ಸ್, ರೂಟರ್, ಆಂಪ್ಲಿಫೈಯರ್ ಜೊತೆ ಕೂತ ನ್ಯಾಸ್‌ಗೆ ಅಲ್ಲೇ ಒಂದು ರಾಯಚೂರು ಸೃಷ್ಟಿಯಾಗಿರುತ್ತದೆ.

ಪೆಟ್ಟಿಗೆ ಎಲ್ಲಿದೆ ನೋಡಿ. ಪಶ್ಚಿಮದ ಕಿಟಕಿಯಿಂದ ಬಿಸಿಲು ಬೀಳುತ್ತದೆಯೇ? ಹಿಂಭಾಗ ಗೋಡೆಗೆ ಅಂಟಿದೆಯೇ? ನಾಲ್ಕೂ ಕಡೆ ಒಂದು ಅಂಗೈ ಅಗಲ ಜಾಗ ಬೇಕು, ಹಿಂದೆ ಇನ್ನೂ ಸ್ವಲ್ಪ ಜಾಸ್ತಿ. ಅಟ್ಟದ ಮೇಲಿಟ್ಟಿದ್ದರೆ ಇಳಿಸಿ. ಬಿಸಿ ಗಾಳಿ ಮೇಲೇ ನಿಲ್ಲುತ್ತದೆ. ಇನ್ವರ್ಟರ್ ಪಕ್ಕ ಇಡಬೇಡಿ. ಬಿಸಿಯ ಜೊತೆಗೆ ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಬರುವ ಆಸಿಡ್ ಆವಿ ಸರ್ಕ್ಯೂಟನ್ನು ತಿನ್ನುತ್ತದೆ. ದೇವರ ಕೋಣೆಯ ಕಪಾಟೂ ಬೇಡ. ಊದುಬತ್ತಿ, ಎಣ್ಣೆ ದೀಪದ ಹೊಗೆ ಧೂಳಿಗೆ ಅಂಟು ಬರಿಸುತ್ತದೆ.

ಉತ್ತರ ಕರ್ನಾಟಕದವರಿಗೆ ಒಂದು ಮಾತು. ನೀರಿನ ಏರ್ ಕೂಲರನ್ನು ನೇರವಾಗಿ ಪೆಟ್ಟಿಗೆಗೆ ತಿರುಗಿಸಬೇಡಿ. ಅಂಕಿ ಇಳಿಯುತ್ತದೆ ನಿಜ. ಆದರೆ ತೇವದ ಗಾಳಿ, ಅದರ ಜೊತೆ ಬೋರ್‌ವೆಲ್ ನೀರಿನ ಉಪ್ಪಿನ ಹನಿಗಳು ಒಳಗೆ ಹೋಗುತ್ತವೆ. ಸಾದಾ ಟೇಬಲ್ ಫ್ಯಾನ್ ವಾಸಿ.

ಜಾಗ ಬದಲಿಸಲು ಆಗದಿದ್ದರೆ ಹೊತ್ತು ಬದಲಿಸಿ. ಹೆಚ್ಚಿನ ಪೆಟ್ಟಿಗೆಗಳಲ್ಲಿ ದಿನದ ಆನ್, ಆಫ್ ವೇಳೆ ನಿಗದಿ ಮಾಡಬಹುದು. ಬೇಸಿಗೆಯ ಎರಡು ತಿಂಗಳು ಮಧ್ಯಾಹ್ನ 12ರಿಂದ 5ರವರೆಗೆ ಮಲಗಿಸಿದರೆ ಮನೆಯಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ಅಮೆರಿಕದಲ್ಲಿರುವ ಮಗಳು ಫೋಟೋ ನೋಡುವ ಹೊತ್ತು ಯಾವುದು ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

## ಹೊತ್ತಿಲ್ಲ ಗೊತ್ತಿಲ್ಲ, ಎಲ್ಲ ಡಿಸ್ಕೂ ಬಿಸಿ

ಅಂತರ 20 ಡಿಗ್ರಿ ದಾಟಿದೆ, ಎಲ್ಲ ಡಿಸ್ಕೂ ಹೆಚ್ಚುಕಮ್ಮಿ ಒಂದೇ ಅಂಕಿ ತೋರಿಸುತ್ತಿವೆ. ಹಾಗಿದ್ದರೆ ಗಾಳಿಯ ದಾರಿ ಕಟ್ಟಿದೆ. ನೂರಕ್ಕೆ ಎಷ್ಟು ಸಲ ಇದು ಬರೀ ಧೂಳೋ ಏನೋ, ನಾನಂತೂ ಮೊದಲು ಅನುಮಾನಿಸುವುದು ಅದನ್ನೇ.

ಮೆನುವಿನಿಂದ ಸರಿಯಾಗಿ ಶಟ್‌ಡೌನ್ ಮಾಡಿ. ದೀಪ ಆರಿದ ಮೇಲೆ ಪ್ಲಗ್ ಕಿತ್ತು, ಡಿಸ್ಕ್ ನಿಲ್ಲಲು ಎರಡು ನಿಮಿಷ ಕೊಡಿ. ಒಣ ಪೇಂಟ್ ಬ್ರಷ್‌ನಿಂದ ಮುಂದಿನ ಜಾಲರಿ, ಹಿಂದಿನ ಫ್ಯಾನ್ ಜಾಲರಿ ಎರಡನ್ನೂ ಉಜ್ಜಿ. ಕಂಪ್ಯೂಟರ್ ಬ್ಲೋವರ್ ಇದ್ದರೆ ಒಳಗಿಂದ ಹೊರಕ್ಕೆ ಊದಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿಟ್ಟುಕೊಳ್ಳಿ. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು, ಮೋಟರ್ ಉಲ್ಟಾ ಕರೆಂಟು ಹುಟ್ಟಿಸಲೂಬಹುದು. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಒಳಗೆ ತೂರಿಸಬೇಡಿ, ಸ್ಥಾಯಿ ವಿದ್ಯುತ್ತಿನ ಭಯ. ಒದ್ದೆ ಬಟ್ಟೆ ಬೇಡವೇ ಬೇಡ.

ಡಿಸ್ಕ್ ಟ್ರೇ ಹೊರಗೆ ತೆಗೆಯಲೇಬೇಕಾದರೆ ಮೊದಲು ಪ್ರತಿ ಟ್ರೇ ಮೇಲೂ ಟೇಪ್ ಅಂಟಿಸಿ 1, 2, 3, 4 ಎಂದು ಬರೆಯಿರಿ, ಅದೇ ಜಾಗಕ್ಕೇ ವಾಪಸ್ ಹಾಕಿ. ಒಂದು ಖಾನೆ ಖಾಲಿಯಿದ್ದರೂ ಅದರ ಖಾಲಿ ಟ್ರೇಯನ್ನು ಹಾಗೇ ಹಾಕಿಡಬೇಕು. ಅದು ಅಂದಕ್ಕೆ ಇರುವುದಲ್ಲ. ತೆಗೆದುಬಿಟ್ಟರೆ ಗಾಳಿ ಆ ಸಲೀಸು ದಾರಿಯಲ್ಲೇ ಓಡಿಹೋಗುತ್ತದೆ, ಡಿಸ್ಕ್‌ಗಳ ನಡುವೆ ಹಾಯುವುದಿಲ್ಲ.

ಕರಾವಳಿಯವರು ಧೂಳಿನ ಜೊತೆಗೆ ತುಕ್ಕನ್ನೂ ನೋಡಿ. ಫ್ಯಾನ್ ಸ್ಕ್ರೂ, ಜಾಲರಿ ಕೆಂಪಾಗಿದ್ದರೆ ಒಳಗಿನ ಕನೆಕ್ಟರುಗಳೂ ತೇವ ಕುಡಿದಿರಬಹುದು. ಇರುವೆ ಗೂಡು ಸಿಕ್ಕರೆ ಆಶ್ಚರ್ಯಪಡಬೇಡಿ. ಅವಕ್ಕೂ ಬೆಚ್ಚಗಿನ ಮನೆ ಇಷ್ಟ. ಕೀಟನಾಶಕ ಸ್ಪ್ರೇ ಮಾತ್ರ ಒಳಗೆ ಹೊಡೆಯಬೇಡಿ.

ಮತ್ತೆ ಆನ್ ಮಾಡಿ, ಎರಡು ಗಂಟೆ ಬಿಟ್ಟು ಅಂತರ ಅಳೆಯಿರಿ. 15ರ ಹತ್ತಿರಕ್ಕೆ ಬಂದರೆ ಕೆಲಸ ಮುಗಿಯಿತು. ಅಲ್ಲಾಡದಿದ್ದರೆ ಫ್ಯಾನ್ ಕಡೆ ಬನ್ನಿ.

## ಫ್ಯಾನ್ ಕಿರಕಿರ ಎನ್ನುತ್ತಿದೆ, ಇಲ್ಲವೇ ಸದ್ದೇ ಇಲ್ಲ

ಮೊದಲು ಸೆಟ್ಟಿಂಗ್. ಸಿನಾಲಜಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಹಾರ್ಡ್‌ವೇರ್ ಅಂಡ್ ಪವರ್ ಪುಟದಲ್ಲಿ ಫ್ಯಾನ್ ವೇಗ ಇರುತ್ತದೆ: ಕ್ವೈಟ್, ಕೂಲ್, ಫುಲ್ ಸ್ಪೀಡ್. ಕ್ಯೂನ್ಯಾಪ್‌ನಲ್ಲಿ ಸ್ಮಾರ್ಟ್ ಫ್ಯಾನ್ ಎಂದಿರುತ್ತದೆ. ನಿದ್ದೆಗೆ ತೊಂದರೆ ಎಂದು ಯಾವತ್ತೋ ಕ್ವೈಟ್‌ಗೆ ಹಾಕಿ ಮರೆತವರು ಬಹಳ. ಕೂಲ್‌ಗೆ ಬದಲಿಸಿ ಒಂದು ದಿನ ನೋಡಿ. ಅಷ್ಟಕ್ಕೇ ಡಿಸ್ಕ್ ತಣ್ಣಗಾದರೆ ಖರ್ಚು ಸೊನ್ನೆ.

ಫ್ಯಾನ್ ತಿರುಗುತ್ತಿದೆಯೇ ಎಂದು ತಿಳಿಯಲು ಟಿಶ್ಯೂ ಕಾಗದದ ಒಂದು ಎಳೆಯನ್ನು ಹಿಂದಿನ ಜಾಲರಿ ಬಳಿ ಹಿಡಿಯಿರಿ. ಗಾಳಿ ಹೊರಗೆ ತಳ್ಳುತ್ತಿದ್ದರೆ ಕಾಗದ ಹಾರುತ್ತದೆ. ಹಾರದೆ ಜೋಲುಬಿದ್ದರೆ ಫ್ಯಾನ್ ಸತ್ತಿದೆ, ಇಲ್ಲವೇ ಸೋತಿದೆ. ಕಾಗದ ಜಾಲರಿಗೆ ಅಂಟಿಕೊಂಡರೆ ಮಜಾ ಇದೆ: ಹಿಂದೆ ಯಾರೋ ಫ್ಯಾನ್ ಬದಲಿಸುವಾಗ ತಿರುವುಮುರುವು ಕೂರಿಸಿದ್ದಾರೆ.

ಆನ್ ಮಾಡಿದ ಮೊದಲ ಕೆಲವು ನಿಮಿಷ ಕಿರಕಿರ ಎಂದು ಆಮೇಲೆ ಸುಮ್ಮನಾದರೆ ಬೇರಿಂಗಿನ ಎಣ್ಣೆ ಒಣಗುತ್ತಿದೆ ಎಂದರ್ಥ. ತಿರುಗುತ್ತದೆ, ಆದರೆ ಹೆಚ್ಚು ದಿನ ಇಲ್ಲ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಕೆಲವು ವಾರ ತಳ್ಳಬಹುದು. ಆದರೆ ಫ್ಯಾನ್ ಅಗ್ಗದ ವಸ್ತು, ಒಳಗಿನ ಫೋಟೋಗಳು ಅಗ್ಗವಲ್ಲ. ಬದಲಿಸಿಬಿಡಿ.

ಹೊಸದನ್ನು ತರಲು ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ. ಬೇರೆ ಊರಲ್ಲಿ ಕಂಪ್ಯೂಟರ್ ರಿಪೇರಿಯವರು ತರಿಸಿಕೊಡುತ್ತಾರೆ. ಅಗಲ, ದಪ್ಪ, 12 ವೋಲ್ಟ್, ಪಿನ್ ಎಷ್ಟು, ಈ ನಾಲ್ಕೂ ಹೊಂದಬೇಕು. ಎರಡು ಡಿಸ್ಕಿನ ಎಷ್ಟೋ ಪೆಟ್ಟಿಗೆಗಳಲ್ಲಿ 92 ಮಿಲಿಮೀಟರ್ ಫ್ಯಾನ್ ಇರುತ್ತದೆ. ಅದು ಮಾಮೂಲಿ ಕಂಪ್ಯೂಟರಿನ 80 ಅಥವಾ 120ರ ಹಾಗೆ ಎಲ್ಲೆಂದರಲ್ಲಿ ಸಿಗುವುದಿಲ್ಲ. ಇನ್ನೊಂದು ಕಿರಿಕಿರಿ: ಸದ್ದೇ ಮಾಡದ ದುಬಾರಿ ಫ್ಯಾನ್ ಹಾಕಿದಾಗ ಅದರ ಕಡಿಮೆ ವೇಗ ನೋಡಿ ಪೆಟ್ಟಿಗೆ ‘ಫ್ಯಾನ್ ಕೆಟ್ಟಿದೆ’ ಎಂದು ದೂರಬಹುದು. ಮೂಲ ಫ್ಯಾನಿನ ವೇಗಕ್ಕೆ ಹತ್ತಿರದ್ದೇ ತನ್ನಿ. ಕೂರಿಸುವಾಗ ಚೌಕಟ್ಟಿನ ಮೇಲಿನ ಬಾಣದ ಗುರುತು ನೋಡಿ. ಗಾಳಿ ಆ ಕಡೆಗೇ ಹೋಗುತ್ತದೆ.

## ಮನೆಮಂದಿ ಮಲಗಿದ್ದಾರೆ, ಪೆಟ್ಟಿಗೆ ಮಾತ್ರ ದುಡಿಯುತ್ತಿದೆ

ಡಿಸ್ಕ್ ದೀಪ ಬೆಳಗಿನವರೆಗೆ ಮಿಣುಕುತ್ತದೆ, ಬಿಸಿ ಇಳಿಯುವುದೇ ಇಲ್ಲ. ಇದು ಗಾಳಿಯ ದೋಷ ಆಗಿರಬೇಕೆಂದಿಲ್ಲ, ಕೆಲಸದ ಹೊರೆ ಇರಬಹುದು. ರಿಸೋರ್ಸ್ ಮಾನಿಟರ್ ತೆರೆದು ಯಾವ ಪ್ರೋಗ್ರಾಮ್ ಪ್ರೊಸೆಸರ್ ತಿನ್ನುತ್ತಿದೆ ನೋಡಿ.

ಹೆಚ್ಚಾಗಿ ಸಿಗುವುದು ಸಾಧುಗಳೇ. ಫೋನಿನಿಂದ ಸಾವಿರಾರು ಫೋಟೋ ಒಮ್ಮೆಗೇ ಹಾಕಿದರೆ ಚಿಕ್ಕ ಚಿತ್ರ ತಯಾರಿಸುವುದು, ಮುಖ ಗುರುತಿಸುವುದು ಹಳೇ ಪ್ರೊಸೆಸರಿನಲ್ಲಿ ದಿನಗಟ್ಟಲೆ ನಡೆಯುತ್ತದೆ. ಮುಗಿಯಲು ಬಿಡಿ. ಟಿವಿಗೆ ವಿಡಿಯೋ ಕಳಿಸುವ ಆ್ಯಪ್, ಟಿವಿಗೆ ಒಗ್ಗುವಂತೆ ವಿಡಿಯೋದ ಫಾರ್ಮ್ಯಾಟ್ ಬದಲಿಸುತ್ತಾ ಕೂತಿರಬಹುದು. ತಿಂಗಳಿಗೊಮ್ಮೆಯ ಡೇಟಾ ಸ್ಕ್ರಬ್ಬಿಂಗ್, ಅಂದರೆ ಡಿಸ್ಕಿನ ಮಾಹಿತಿಯನ್ನೆಲ್ಲ ಓದಿ ತಪ್ಪು ಹುಡುಕುವ ಕೆಲಸ, ಇರಬಹುದು. ಅದು ಒಳ್ಳೆಯದೇ, ನಿಲ್ಲಿಸಬೇಡಿ. ಬೇಸಿಗೆಯಲ್ಲಿ ನಸುಕಿನ ಹೊತ್ತಿಗೆ ತಳ್ಳಿ.

ಆದರೆ ಕಳ್ಳರೂ ಇದ್ದಾರೆ. 2021ರ ಡಿಸೆಂಬರ್‌ನಲ್ಲಿ ಕ್ಯೂನ್ಯಾಪ್ ಕಂಪನಿಯೇ ಒಂದು ಎಚ್ಚರಿಕೆ ಕೊಟ್ಟಿತು: ಅದರ ಪೆಟ್ಟಿಗೆಗಳಿಗೆ ಬಿಟ್‌ಕಾಯಿನ್ ಅಗೆಯುವ ಒಂದು ಕುತಂತ್ರಾಂಶ ಹೊಕ್ಕುತ್ತಿದೆ, ಅದು ‘ಊಮ್ ರೀಪರ್’ ಎಂಬ ಮಾಮೂಲಿ ಲಿನಕ್ಸ್ ಪ್ರೊಸೆಸ್‌ನ ಹೆಸರು ಹೊತ್ತು ಅರ್ಧದಷ್ಟು ಪ್ರೊಸೆಸರ್ ನುಂಗುತ್ತದೆ ಎಂದು. ನಿಮಗೆ ಗೊತ್ತಿಲ್ಲದ ಹೆಸರು ಹಗಲೂ ರಾತ್ರಿ ಮೇಲೇ ಕೂತಿದ್ದರೆ ಇಂಟರ್ನೆಟ್ ಕೇಬಲ್ ಕಿತ್ತು, ತಿಳಿದವರನ್ನು ಕರೆಸಿ. ಅಪ್‌ಡೇಟ್ ನಿಂತುಹೋದ ಹಳೇ ಮಾಡೆಲ್ ಆಗಿದ್ದರೆ, ರೂಟರಿನಲ್ಲಿ ಹೊರಗಿನಿಂದ ನ್ಯಾಸ್‌ಗೆ ದಾರಿ ಮಾಡಿಕೊಟ್ಟಿದ್ದರೆ ಇಂದೇ ಮುಚ್ಚಿ.

ಪ್ರೊಸೆಸರಿನ ಮೇಲೆ ಹೊರೆಯಿಲ್ಲ, ಡಿಸ್ಕ್‌ಗಳೂ ತಣ್ಣಗಿವೆ, ಪ್ರೊಸೆಸರ್ ಅಂಕಿ ಮಾತ್ರ ಏರಿದೆ ಎಂದರೆ ಅದರ ಮೇಲಿನ ಥರ್ಮಲ್ ಪೇಸ್ಟ್ (ಬಿಸಿಯನ್ನು ಹೊರಗೆ ದಾಟಿಸುವ ಲೇಪ) ಒಣಗಿರಬಹುದು. ಅದಕ್ಕೆ ಬೋರ್ಡ್ ಬಿಚ್ಚಬೇಕು. ಅಭ್ಯಾಸ ಇಲ್ಲದವರು ರಿಪೇರಿಯವರಿಗೆ ಕೊಡುವುದು ಲೇಸು.

## ನಾಲ್ಕರಲ್ಲಿ ಒಂದೇ ಡಿಸ್ಕ್ ಬಿಸಿ

ನಡುವಿನ ಖಾನೆಯದಾದರೆ ಎರಡು ಮೂರು ಡಿಗ್ರಿ ಜಾಸ್ತಿ ಇರುವುದು ಸಹಜ. ಮಧ್ಯದಲ್ಲಿ ಯಾವಾಗಲೋ ಒಂದು ಡಿಸ್ಕ್ ಬದಲಿಸಿದ್ದರೆ ಅದರ ವೇಗ ನೋಡಿ. ನಿಮಿಷಕ್ಕೆ 5400 ಸುತ್ತಿನವುಗಳ ನಡುವೆ 7200 ಸುತ್ತಿನದು ಬಿಸಿಯಾಗಿಯೇ ಇರುತ್ತದೆ. ಅದು ಕಾಯಿಲೆಯಲ್ಲ, ಸ್ವಭಾವ.

ಎರಡೂ ಅಲ್ಲ, ಒಂದೇ ಮಾಡೆಲ್, ಆದರೂ ಏಳೆಂಟು ಡಿಗ್ರಿ ಮೇಲೆ ಅಂದರೆ ಆ ಡಿಸ್ಕಿನ ಸ್ಮಾರ್ಟ್ ಪಟ್ಟಿ ತೆರೆಯಿರಿ. 5, 197, 198 ಈ ಮೂರು ಸಾಲುಗಳ ರಾ ವ್ಯಾಲ್ಯೂ ಸೊನ್ನೆ ಇರಬೇಕು. 5ನೇ ಸಾಲು ಎಂದರೆ ಕೆಟ್ಟು ಬದಲಿಯಾದ ಜಾಗಗಳು, 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಬಾಕಿಯಿರುವ ಜಾಗಗಳು, 198 ಎಂದರೆ ಡಿಸ್ಕ್ ತಾನೇ ಪರೀಕ್ಷಿಸಿದಾಗಲೂ ಸರಿಯಾಗದ ಜಾಗಗಳು. ಸಣ್ಣ ಅಂಕಿ ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಕಣ್ಣಿಟ್ಟಿರಿ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಹೊರಟಿದೆ ಎಂದೇ ತಿಳಿಯಿರಿ. 199, ಅಂದರೆ ಮಾಹಿತಿ ಸಾಗುವಾಗ ಆದ ತಪ್ಪುಗಳ ಲೆಕ್ಕ, ಏರಿದ್ದರೆ ಡಿಸ್ಕಿಗಿಂತ ಕನೆಕ್ಟರ್ ಮೇಲೆ ಅನುಮಾನ ಪಡಿ. 9ನೇ ಸಾಲು ಓಡಿದ ಗಂಟೆ. ಐದು ವರ್ಷ ನಿಲ್ಲದೆ ಓಡಿದರೆ 43,800 ಗಂಟೆ.

ಡಿಸ್ಕ್ ಬದಲಿಸಿದ ಮೇಲೆ ರೇಡ್ ಮತ್ತೆ ಕಟ್ಟಿಕೊಳ್ಳುವ ಹೊತ್ತೇ ಅತಿ ಅಪಾಯದ್ದು. ಉಳಿದ ಹಳೇ ಡಿಸ್ಕ್‌ಗಳನ್ನು ಪೆಟ್ಟಿಗೆ ಮೊದಲಿಂದ ಕೊನೆಯವರೆಗೆ ಓದುತ್ತದೆ. ದೊಡ್ಡ ಡಿಸ್ಕ್ ಆದರೆ ಒಂದು ದಿನಕ್ಕೂ ಜಾಸ್ತಿ ಹಿಡಿಯಬಹುದು. ಅಷ್ಟೂ ಹೊತ್ತು ಬಿಸಿ ಏರಿಯೇ ಇರುತ್ತದೆ. ಹಾಗಾಗಿ ಧೂಳು, ಫ್ಯಾನ್ ಎಲ್ಲ ಸರಿಮಾಡಿ, ನಕಲು ಮಾಡಿಟ್ಟು, ಆಮೇಲೆ ಡಿಸ್ಕ್ ಬದಲಿಸಿ. ತೆಗೆಯುವಾಗ ಖಾನೆ ಸಂಖ್ಯೆ ಮಾತ್ರ ನಂಬಬೇಡಿ, ಡಿಸ್ಕಿನ ಸೀರಿಯಲ್ ನಂಬರ್ ಹೋಲಿಸಿ. ರೇಡ್ 5ರಲ್ಲಿ (ಒಂದೇ ಡಿಸ್ಕ್ ಕೆಟ್ಟರೆ ಮಾತ್ರ ತಡೆಯುವ ಜೋಡಣೆ) ಕೆಟ್ಟದ್ದು ಬಿಟ್ಟು ಸರಿಯಿರುವುದನ್ನು ಎಳೆದರೆ ಎಲ್ಲವೂ ಹೋಗಬಹುದು.

## ತಾನಾಗೇ ಆಫ್ ಆಗುತ್ತದೆ

ಬಿಸಿಯಿಂದಲೇ ಎಂದು ತೀರ್ಮಾನಿಸುವ ಮುಂಚೆ ಲಾಗ್, ಅಂದರೆ ಪೆಟ್ಟಿಗೆ ಬರೆದಿಡುವ ದಿನಚರಿ, ಓದಿ. ಬಿಸಿ ಮಿತಿ ಮೀರಿದಾಗ ಪೆಟ್ಟಿಗೆ ಕಾರಣ ಬರೆದಿಟ್ಟು ಆಫ್ ಆಗುತ್ತದೆ. ಅಂಥ ಸಾಲೇ ಇಲ್ಲ, ಮುಂದಿನ ಸಲ ಆನ್ ಆದಾಗ ‘ಸರಿಯಾಗಿ ಶಟ್‌ಡೌನ್ ಆಗಿಲ್ಲ’ ಎಂದಷ್ಟೇ ಇದೆ ಎಂದರೆ ಕರೆಂಟು ಕೈಕೊಟ್ಟಿದೆ. ಆ ಹೊತ್ತಿಗೆ ಮನೆಯಲ್ಲಿ ಕರೆಂಟು ಹೋಗಿತ್ತೇ ನೆನಪಿಸಿಕೊಳ್ಳಿ. ಇನ್ವರ್ಟರ್ ಇದ್ದರೂ ಬದಲಾಗುವ ಆ ಕ್ಷಣ ಕೆಲವು ಅಡಾಪ್ಟರುಗಳಿಗೆ ತಡೆಯುವುದಿಲ್ಲ. ಸಣ್ಣ ಯುಪಿಎಸ್ ಹಾಕಿ.

ಕರೆಂಟು ಇತ್ತು ಎಂದರೆ ಅಡಾಪ್ಟರ್ ಮುಟ್ಟಿ ನೋಡಿ. ಬೆಚ್ಚಗಿರುವುದು ಸರಿ, ಕೈ ಇಡಲಾಗದಷ್ಟು ಸುಡುವುದು ತಪ್ಪು. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಷ್ಯ 10 ಡಿಗ್ರಿ ಏರಿದಷ್ಟೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸೋಫಾ ಹಿಂದೆ ಧೂಳು ಹೊದ್ದು ವರ್ಷಗಟ್ಟಲೆ ಬಿದ್ದ ಅಡಾಪ್ಟರ್ ಮೊದಲು ಸಾಯುವುದು ಅದಕ್ಕೇ. 3.5 ಇಂಚಿನ ಒಂದು ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಆಮೇಲೆ ಅಷ್ಟು ಬೇಡ. ಸೊರಗಿದ ಅಡಾಪ್ಟರ್ ಆ ಮೊದಲ ಎಳೆತಕ್ಕೇ ಕುಸಿಯುತ್ತದೆ, ಡಿಸ್ಕ್ ಟಿಕ್ ಎಂದು ನಿಲ್ಲುತ್ತದೆ, ನಾವು ಪಾಪದ ಡಿಸ್ಕನ್ನು ಬಯ್ಯುತ್ತೇವೆ. ಬರೀ ಮಲ್ಟಿಮೀಟರ್ ಇಟ್ಟರೆ 12 ಎಂದೇ ತೋರಿಸೀತು. ಹೊರೆ ಬಿದ್ದಾಗ ಮಾತ್ರ ಬಣ್ಣ ಬಯಲಾಗುವುದು. ಬದಲಿ ತರುವಾಗ ವೋಲ್ಟ್, ಪಿನ್ನಿನ ಆಕಾರ, ಪ್ಲಸ್ ಮೈನಸ್ ಒಂದೇ ಇರಲಿ. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಲಿ.

ಆನ್ ಆಗುವುದೇ ಇಲ್ಲ ಎಂಬುದು ಬೇರೆ ಕಥೆ. 2013ರಲ್ಲಿ ಬಂದ ಇಂಟೆಲ್ ಆ್ಯಟಮ್ ಸಿ2000 ಪ್ರೊಸೆಸರುಗಳಲ್ಲಿ ಬೋರ್ಡಿನ ಭಾಗಗಳನ್ನು ಒಂದೇ ತಾಳಕ್ಕೆ ನಡೆಸುವ ಗಡಿಯಾರದ ಸಂಕೇತ ಕಾಲಕ್ರಮೇಣ ಸಾಯುವ ದೋಷವಿತ್ತು. 2017ರಲ್ಲಿ ಅದು ಬಯಲಾಯಿತು. ಸಿನಾಲಜಿಯ ಡಿಎಸ್415 ಪ್ಲಸ್, ಡಿಎಸ್1515 ಪ್ಲಸ್, ಡಿಎಸ್1815 ಪ್ಲಸ್‌ನಲ್ಲಿ ಇರುವುದು ಅದೇ. ಅದಕ್ಕೂ ಬಿಸಿಗೂ ಸಂಬಂಧವಿಲ್ಲ. ಎಷ್ಟು ಧೂಳು ಹೊಡೆದರೂ ಏಳುವುದಿಲ್ಲ.

## ಇಲ್ಲಿಗೆ ಕೈ ತೆಗೆಯಿರಿ

ಸುಟ್ಟ ವಾಸನೆ, ಹೊಗೆ, ಕರಗಿದ ಪ್ಲಗ್: ಗೋಡೆಯ ಸ್ವಿಚ್ ಆಫ್ ಮಾಡಿ, ಮತ್ತೆ ಹಾಕಿ ಪರೀಕ್ಷಿಸಬೇಡಿ. ಅಡಾಪ್ಟರನ್ನು ಒಡೆದು ನೋಡಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಜೋರಾಗಿ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ಬೋರ್ಡ್ ಮೇಲೆ ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಅದು ರಿಪೇರಿಯವರ ಕೆಲಸ.

ಒಂದೇ ಲಯದಲ್ಲಿ ಟಿಕ್ ಟಿಕ್ ಅಥವಾ ಲೋಹ ಕೆರೆದ ಸದ್ದು ಡಿಸ್ಕಿನಿಂದ ಬಂದರೆ, ಒಳಗಿರುವುದು ಬೇರೆಲ್ಲೂ ಇಲ್ಲವಾದರೆ, ಆ ಕ್ಷಣ ಆಫ್ ಮಾಡಿ. ಪ್ರತಿ ಸಲ ಆನ್ ಮಾಡಿದಾಗಲೂ ಒಳಗೆ ಇನ್ನಷ್ಟು ಕೆರೆಯಬಹುದು. ಡೇಟಾ ರಿಕವರಿ ದುಬಾರಿ. ಆದರೂ ಅವರ ಕೈಗೆ ಕೆದಕದ ಡಿಸ್ಕ್ ಕೊಟ್ಟರೆ ಸಿಗುವುದು ಜಾಸ್ತಿ. ಎಲ್ಲ ಡಿಸ್ಕ್‌ಗಳನ್ನೂ ಖಾನೆ ಸಂಖ್ಯೆ ಬರೆದು ಕೊಡಿ. ಡಿಸ್ಕನ್ನು ಫ್ರಿಜ್‌ನಲ್ಲಿಡುವ ಹಳೇ ಉಪಾಯ ಈಗಲೂ ಯಾರಾದರೂ ಹೇಳುತ್ತಾರೆ. ಹೊರಗೆ ತೆಗೆದ ಕೂಡಲೇ ನೀರು ಹನಿಗಟ್ಟುತ್ತದೆ, ಬೇಡ. ಪೆಟ್ಟಿಗೆ ‘ವಾಲ್ಯೂಮ್ ಕುಸಿದಿದೆ, ಇನಿಶಿಯಲೈಸ್ ಮಾಡಲೇ?’ ಎಂದು ಕೇಳಿದರೆ ಒಪ್ಪಬೇಡಿ. ಹೂಂ ಅಂದರೆ ಎಲ್ಲ ಅಳಿಸಿಹೋಗುತ್ತದೆ.

## ರಿಪೇರಿಯೋ, ಹೊಸದೋ?

ಫ್ಯಾನ್, ಅಡಾಪ್ಟರ್ ಇಷ್ಟೇ ಆದರೆ ರಿಪೇರಿ ಮಾಡಿ. ಎರಡೂ ಸೇರಿ ಹೊಸ ಪೆಟ್ಟಿಗೆಯ ಬೆಲೆಯ ಸಣ್ಣ ಪಾಲು ಮಾತ್ರ. ಬೋರ್ಡ್ ಕೆಟ್ಟಿದ್ದರೆ, ಅಥವಾ ಕಂಪನಿ ಭದ್ರತಾ ಅಪ್‌ಡೇಟ್ ನಿಲ್ಲಿಸಿದ್ದರೆ, ನಾನಾದರೆ ಹೊಸದು ಕೊಳ್ಳುತ್ತೇನೆ. ಹಳೆಯದನ್ನು ಇಂಟರ್ನೆಟ್‌ಗೆ ತೋರಿಸದೆ ವಾರಕ್ಕೊಮ್ಮೆ ಆನ್ ಮಾಡಿ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದು. ಅಷ್ಟು ಹೊತ್ತಿಗೆ ಅದು ಬಿಸಿಯಾಗುವುದೂ ಇಲ್ಲ. ಹಳೇ ಡಿಸ್ಕ್‌ಗಳನ್ನು ಹೊಸ ಪೆಟ್ಟಿಗೆಗೆ ನೇರ ಸಿಕ್ಕಿಸುವ ಮುಂಚೆ ಆ ಕಂಪನಿಯ ವಲಸೆ (ಮೈಗ್ರೇಷನ್) ಪಟ್ಟಿಯಲ್ಲಿ ನಿಮ್ಮ ಎರಡು ಮಾಡೆಲ್‌ಗಳೂ ಇವೆಯೇ ನೋಡಿ. ಬೇರೆ ಕಂಪನಿಯದಾದರೆ ಹೊಸ ಡಿಸ್ಕ್ ಹಾಕಿ ಕಾಪಿ ಮಾಡುವುದೊಂದೇ ದಾರಿ. ಕಾಪಿ ಮುಗಿದ ಮೇಲೂ ಒಂದೆರಡು ತಿಂಗಳು ಹಳೇ ಡಿಸ್ಕ್‌ಗಳನ್ನು ಹಾಗೇ ಇಟ್ಟುಕೊಳ್ಳಿ. ಅಷ್ಟರಲ್ಲಿ ‘ಆ 2016ರ ಫೋಲ್ಡರ್ ಎಲ್ಲಿ?’ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.